ಬಂದವರು ಯಾರು, ಇದ್ದವರು ಯಾರು?

ಒಂಟಿಮನೆಯ ಪಕ್ಕದ ಜಮೀನಿಗೆ ಹೊಸಬರು ಬಂದಾಗ ಹಳ್ಳಿಗಾಡಿನಲ್ಲಿ ಒಂದು ಮರ್ಯಾದೆಯಿದೆ. ಬೇಲಿ ಹಾಕುವ ಮುನ್ನ ಅವರು ಹಳಬರನ್ನು ಕೇಳುತ್ತಾರೆ: ಮಳೆನೀರು ಯಾವ ಕಡೆ ಹರಿಯುತ್ತದೆ, ದನದ ದಾರಿ ಯಾವುದು, ಯಾವ ಮರಕ್ಕೆ ಕೊಡಲಿ ತಾಗಿಸಬಾರದು? ಹೊಂದಿಕೊಳ್ಳುವ ಮೊದಲ ಹೊಣೆ ಬಂದವರದು, ಇದ್ದವರದು ಅನಂತರ. ನಗರವೆಂಬ ನೆರೆ ಮಾತ್ರ ಈ ಮರ್ಯಾದೆಯನ್ನು ಅರಿಯದು. ಬಂದೊಡನೆ ಅದು ಇದ್ದವರಿಗೇ ‘ಹೊಂದಿಕೊಳ್ಳಿ, ಇಲ್ಲವೇ ತೊಲಗಿ’ ಎನ್ನುತ್ತದೆ.

ಮೈಸೂರಿನ ನಜರ್‌ಬಾದ್ ಇದಕ್ಕೆ ಸಾಕ್ಷಿ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ ಇಲ್ಲಿ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. 1799ರಲ್ಲಿ ಅವನು ಮಡಿದ ಬಳಿಕ ಆ ಕಲ್ಲುಗಳು ಹಳೆಯ ಕೋಟೆಗೇ ಮರಳಿದವು. ಇದರಾಚೆ, ಚಾಮುಂಡಿ ಬೆಟ್ಟದ ಕಡೆಗೆ, ಲಲಿತಮಹಲ್ ಅರಮನೆ ಎದ್ದಾಗ ಅದು ಊರ ಹೊರಗಿನ ಒಂಟಿಮನೆ. ಇಂದು ಅದರ ಸುತ್ತಲೂ ಬಡಾವಣೆಗಳು. ಬೆಟ್ಟದ ಬುಡಕ್ಕೇ ಹೊಸ ನೆರೆ ಬಂದು ನಿಂತಿದೆ.

ಈ ನೆರೆ ಮಾಡಿದ್ದೇನು? ಬೆಟ್ಟದ ತಪ್ಪಲಿನಿಂದ ಕಾರಂಜಿ ಕೆರೆಗೆ ಮಳೆನೀರು ತರುತ್ತಿದ್ದ ಕಾಲುವೆಗಳ ಜಾಡಿನ ಮೇಲೆ ನಿವೇಶನ, ರಸ್ತೆಗಳನ್ನು ಹರಡಿತು. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯ ಅಗಲೀಕರಣಕ್ಕಾಗಿ 40 ಮರಗಳು ಉರುಳಿದವು. ಆ ರಸ್ತೆಯ ಅತ್ಯಂತ ಹಳೆಯ ನಿವಾಸಿಗಳು ಅವೇ ಆಗಿದ್ದರೂ ಅವುಗಳ ಒಪ್ಪಿಗೆಯನ್ನು ಕೇಳಿದವರಿಲ್ಲ; ಅವುಗಳ ಪರವಾಗಿ ಬೀದಿಗಿಳಿದ ನಾಗರಿಕರ ಮಾತು ಬುಡ ಕಡಿದ ಮೇಲಷ್ಟೇ ಕೇಳಿಸಿತು. 2021ರ ಮಳೆಗಾಲದ ಕೊನೆಯಲ್ಲಿ ಬೆಟ್ಟದ ನಂದಿ ರಸ್ತೆ ಕುಸಿಯಿತು. ಆಗ ದೂರು ಮಳೆಯ ಮೇಲೆ, ಬೆಟ್ಟದ ಮೇಲೆ. ಇಳಿಜಾರನ್ನು ಕೊರೆದ ಕೈಯ ಮೇಲಲ್ಲ.

ಇನ್ನು ಚಿರತೆ. ಬೆಟ್ಟದ ಕಾಡು ಅದರ ಮನೆ. ತಪ್ಪಲಿನ ಬಡಾವಣೆಯಲ್ಲಿ ಅದರ ನೆರಳು ಕಂಡರೆ ಸಾಕು, ‘ಹಿಡಿದು ದೂರ ಬಿಡಿ’ ಎಂಬ ಕೂಗು ಏಳುತ್ತದೆ. ಇದನ್ನು ಹಳ್ಳಿಯ ಭಯದೊಡನೆ ಬೆರೆಸುವುದು ಅನ್ಯಾಯ. 2022ರ ಅಕ್ಟೋಬರ್‌ನಿಂದ 2023ರ ಜನವರಿಯ ನಡುವೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗೆ ನಾಲ್ವರು ಬಲಿಯಾದರು. ಆ ಮನೆಗಳ ದುಃಖಕ್ಕೆ ಪ್ರವಚನ ಉತ್ತರವಲ್ಲ. ತ್ವರಿತ ಪರಿಹಾರ, ಹಳ್ಳಿದಾರಿಗೆ ಬೆಳಕು, ಗಟ್ಟಿ ಕೊಟ್ಟಿಗೆ, ಮನುಷ್ಯರ ಮೇಲೆರಗಿದ ಪ್ರಾಣಿಯ ಸೆರೆ ಇವು ಉತ್ತರ. ಆದರೆ ಯಾರಿಗೂ ತೊಂದರೆ ಕೊಡದ ಚಿರತೆಯನ್ನು ಹಿಡಿದು ಮತ್ತೊಂದು ಕಾಡಂಚಿಗೆ ಸುರಿಯುವುದು ನಗರದ ಭಯವನ್ನು ಹಳ್ಳಿಗೆ ಸಾಗಿಸುವ ಕೆಲಸ. ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರ ನಂತರ ಹೀಗೆಯೇ ಚಿರತೆಗಳನ್ನು ಸ್ಥಳಾಂತರಿಸಿದಾಗ ಮನುಷ್ಯರ ಮೇಲಿನ ದಾಳಿ ತಗ್ಗಲಿಲ್ಲ, ಹೆಚ್ಚಿತು.

ಬಡಾವಣೆಯವರು ಮಾಡಬೇಕಾದುದು ಕಷ್ಟದ್ದಲ್ಲ. ಕಸವನ್ನು ಬೀದಿಗೆ ಸುರಿಯದಿದ್ದರೆ ಬೀದಿನಾಯಿಗಳು ಗುಂಪುಗೂಡವು. ನಾಯಿಗಳಿಲ್ಲದೆಡೆ ಚಿರತೆಗೆ ಕೆಲಸವಿಲ್ಲ. ಕಾಲುವೆಯ ಜಾಡನ್ನು ಬಿಟ್ಟುಕೊಟ್ಟರೆ ಕೆರೆ ತುಂಬುತ್ತದೆ, ಮನೆಯೊಳಗೆ ನೀರು ನುಗ್ಗದು.

ಗುಡ್ಡಗಾಡಿನ ಹಳ್ಳಿಗಳಿಗೆ ಇದು ದೂರದ ಊರಿನ ಕಥೆಯಲ್ಲ. ನಗರದ ಹಣ ಇಂದು ಎಸ್ಟೇಟು, ರೆಸಾರ್ಟುಗಳ ರೂಪದಲ್ಲಿ ಪಕ್ಕದ ಗುಡ್ಡವನ್ನೇ ಕೊಳ್ಳುತ್ತಿದೆ. ನೀರು ಎತ್ತ ಹರಿಯುತ್ತದೆ, ದಾರಿ ಯಾರದು, ಮರ ಯಾರದು ಎಂಬ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳಬೇಕಾದ ಹೊತ್ತು ಬೇಲಿ ಬೀಳುವ ಮುಂಚಿನದು. ಗುಡ್ಡ ಕುಸಿದ ಮೇಲೆ ಕೇಳಿದರೆ ಉತ್ತರಿಸಲು ನೆರೆಯವನು ಅಲ್ಲಿರುವುದಿಲ್ಲ.