ಹೆಡ್ ಇಳಿಸೋ ದಿನ ಪಕ್ಕದಲ್ಲೇ ನಿಂತ್ಕೊಳ್ಳಿ

ಈ ಸಲ ಟೊಮೇಟೊ ವಿಷಯ ಅಲ್ಲ, ಟೊಮೇಟೊ ಹೊರೋ ಓಮ್ನಿ ವಿಷಯ. ಸ್ವಲ್ಪ ಉದ್ದ ಇದೆ, ಆದ್ರೂ ಓದಿ. ನಿಮ್ಮ ದುಡ್ಡು ಉಳೀಬಹುದು.

ನಮ್ಮ ಹಳೇ ಓಮ್ನಿಯ ಹೆಡ್ ಗ್ಯಾಸ್ಕೆಟ್ ಒಂದೇ ವರ್ಷದಲ್ಲಿ ಎರಡು ಸಲ ಹೋಯ್ತು. ಎರಡನೇ ಸಲ ಹೋಗಿದ್ದು ಕೋಲಾರದ ಮಂಡಿ ದಾರಿಯಲ್ಲಿ, ಹಿಂದೆ 20 ಬಾಕ್ಸ್ ಹಣ್ಣು ತುಂಬಿತ್ತು. ಸೈಲೆನ್ಸರಿಂದ ಬರೀ ಬಿಳಿ ಹೊಗೆ. ಬೇರೆ ಗಾಡಿ ಹಿಡಿದು ಹೋಗೋ ಹೊತ್ತಿಗೆ ಹರಾಜು ಮುಗಿದಿತ್ತು, ಸಿಕ್ಕಿದ ರೇಟಿಗೆ ಕೊಟ್ಟು ಬಂದೆ. ಊರಲ್ಲಿ ಎಲ್ಲಾ ಹೇಳಿದ್ದು ಒಂದೇ ಮಾತು, "ಮೆಕ್ಯಾನಿಕ್ ಮೋಸ ಮಾಡವ್ನೆ ಕಣಣ್ಣ." ನಾನೂ ಹಂಗೇ ಬೈಕೊಂಡಿದ್ದೆ. ಈಗ ಹೇಳ್ತೀನಿ, ಅರ್ಧ ತಪ್ಪು ನಂದೇ.

ಮೊದಲ ಸಲ "ನಾಳೆ ಮಂಡಿ ಇದೆ, ಸಂಜೆಗೆ ಗಾಡಿ ಕೊಡು" ಅಂತ ತಲೆ ಮೇಲೆ ಕೂತಿದ್ದೆ. ಅವನು ಗ್ಯಾಸ್ಕೆಟ್ ಒಂದು ಬದಲಾಯಿಸಿ ಕೊಟ್ಟ. ಯಾಕೆ ಹೋಯ್ತು ಅಂತ ಅವನೂ ನೋಡಲಿಲ್ಲ, ನಾನೂ ಕೇಳಲಿಲ್ಲ.

ಎರಡನೇ ಸಲ ಬೇರೆ ಕಡೆ ಕೊಟ್ಟು ಎರಡು ದಿನ ಪಕ್ಕದಲ್ಲೇ ನಿಂತೆ. ವಯಸ್ಸಾದ ಮೇಸ್ತ್ರಿ. ಬಿಸಿ ಇಂಜಿನ್ನಿಗೆ ಕೈ ಹಾಕಲಿಲ್ಲ, ಪೂರ್ತಿ ಆರಲಿ ಅಂತ ರಾತ್ರಿ ಹಂಗೇ ಬಿಟ್ಟರು. ಹೆಡ್ಡು ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದ್ರೆ ಸೊಟ್ಟ ಆಗುತ್ತೆ. ಬೆಳಿಗ್ಗೆ ನೀರು ಇಳಿಸಿ, ಟೈಮಿಂಗ್ ಬೆಲ್ಟಿನ ಗುರುತು ನೋಡಿಟ್ಟು ಬೆಲ್ಟ್ ತೆಗೆದರು. ಹೆಡ್ ಬೋಲ್ಟ್‌ಗಳನ್ನ ಒಂದೇ ಏಟಿಗೆ ಬಿಚ್ಚಲಿಲ್ಲ. ಆಚೆ ತುದಿಯಿಂದ ಮಧ್ಯಕ್ಕೆ, ಸ್ವಲ್ಪ ಸ್ವಲ್ಪವೇ, ಎರಡು ಮೂರು ಸುತ್ತು ಸಡಿಲ ಮಾಡಿದರು. ವಾಪಸ್ ಬಿಗಿಯುವಾಗ ಉಲ್ಟಾ, ಮಧ್ಯದಿಂದ ಆಚೆಗೆ, ಟಾರ್ಪಾಲ್ ಹಾಸಿ ಸುಕ್ಕು ತೆಗೆಯೋ ಹಂಗೆ. ಅದೂ ಅಂದಾಜಿಗಲ್ಲ, ಟಾರ್ಕ್ ರೆಂಚ್ ಇಟ್ಟು.

ಮೂರು ಸಿಲಿಂಡರ್, ಆರು ವಾಲ್ವು. ರಟ್ಟಿಗೆ ಆರು ತೂತು ಮಾಡಿ ನಂಬರ್ ಬರೆದು ಒಂದೊಂದನ್ನೂ ಅದರ ಜಾಗದಲ್ಲೇ ಸಿಕ್ಕಿಸಿಟ್ಟರು. ಯಾವ ವಾಲ್ವು ಯಾವ ಸೀಟಲ್ಲಿ ಸವೆದಿದೆಯೋ ಅಲ್ಲೇ ಕೂರಬೇಕು.

ಆಮೇಲೆ ಹೆಡ್ಡಿನ ಮುಖ ಒರೆಸಿ ಮೇಲೆ ನೇರ ಪಟ್ಟಿ ಇಟ್ಟು, ಕೆಳಗೆ ಫಿಲ್ಲರ್ ಗೇಜಿನ 0.05 ಮಿ.ಮೀ. ಎಲೆ ತೂರಿಸಿದರು. ಅದು ತೂರಬಾರದು. ಮಧ್ಯದ ಸಿಲಿಂಡರ್ ಹತ್ರ ಸಲೀಸಾಗಿ ತೂರ್ತು. ಅಂದ್ರೆ ಹೆಡ್ ಬಗ್ಗಿದೆ. ಅದರ ಮೇಲೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದ್ರೂ ದಂಡ. ಫೇಸ್ ಕಟಿಂಗಿಗೆ ಕಳಿಸಿದ್ವಿ.

ಬಗ್ಗಿದ್ದು ಯಾಕೆ? ಮೇಸ್ತ್ರಿ ನೀರು ಓಡಾಡೋ ತೂತು ತೋರಿಸಿದರು. ಬೆಳ್ಳಗೆ ಸುಣ್ಣ ಕಟ್ಟಿತ್ತು. ನಮ್ಮ ಡ್ರಿಪ್ ಪೈಪಿನ ಬಾಯಿ ಕಟ್ಟುತ್ತಲ್ಲ, ಅದೇ ಸುಣ್ಣ! ಡ್ರಿಪ್ಪಿಗಾದ್ರೆ ಆಸಿಡ್ ಬಿಟ್ಟು ತೊಳೀತೀವಿ. ಅದೇ ಬೋರ್ ನೀರನ್ನ ಬಿಂದಿಗೆಯಲ್ಲಿ ತಂದು ರೇಡಿಯೇಟರಿಗೆ ಸುರೀತೀವಿ. ಕೂಲೆಂಟಿಗೆ ಯಾಕೆ ದುಡ್ಡು ಅಂತ ವರ್ಷಾನುಗಟ್ಟಲೆ ನಾನೇ ಸುರಿದಿದ್ದು. ದಾರಿ ಕಟ್ಟಿದ ಮೇಲೆ ಇಂಜಿನ್ ಕಾಯದೆ ಇನ್ನೇನು?

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಗ್ಯಾಸ್ಕೆಟ್ ಹೋಗೋದು ರೋಗ ಅಲ್ಲ, ಜ್ವರ ಇದ್ದಂಗೆ. ಹೆಡ್ ಇಳಿಸಿದ ದಿನ ಮೂರು ಮಾತು ಕೇಳಿ: ಮುಖ ಪಟ್ಟಿ ಇಟ್ಟು ನೋಡಿದ್ರಾ? ರೇಡಿಯೇಟರ್, ನೀರಿನ ಪಂಪು, ಥರ್ಮೋಸ್ಟಾಟ್ ನೋಡಿದ್ರಾ? ಎಷ್ಟು ಟಾರ್ಕಿಗೆ ಬಿಗಿದ್ರಿ? ಕೇಳಿದ್ರೆ ಒಳ್ಳೇ ಮೆಕ್ಯಾನಿಕ್ ಸಿಟ್ಟಾಗಲ್ಲ. ಒಂದು ದಿನ ಜಾಸ್ತಿ ಕೇಳಿದ್ರೆ ಕೊಡಿ, ಆವತ್ತು ಬಾಡಿಗೆ ಗಾಡಿ ಮಾಡಿ.

ದಾರೀಲಿ ಮುಳ್ಳು ಕೆಂಪಿಗೆ ಬಂದ್ರೆ ಅಲ್ಲೇ ನಿಲ್ಲಿಸಿ. ಕಾದ ಇಂಜಿನ್ನಿಗೆ ತಣ್ಣೀರು ಹಾಕಬೇಡಿ, ಮುಚ್ಚಳ ತೆಗೀಬೇಡಿ. ಆಯಿಲ್ ಹಾಕೋ ಮುಚ್ಚಳದ ಒಳಗೆ ಕಾಫಿ ಬಣ್ಣದ ನೊರೆ ಕಂಡ್ರೆ, ಇಲ್ಲಾ ರೇಡಿಯೇಟರಲ್ಲಿ ಗುಳ್ಳೆ ಎದ್ರೆ, ಇನ್ನೊಂದು ಟ್ರಿಪ್ ಹೊಡೆಯೋ ಆಸೆ ಬಿಡಿ.

ಮಗ ಗಾಡಿ ಮಾರೋಣ ಅಂತಾನೆ. ಮಾರಿ ಹೊಸದು ತಂದು ಅದಕ್ಕೂ ಇದೇ ನೀರು ಸುರಿದ್ರೆ ಏನು ಬಂತು? ಈಗ ಕೂಲೆಂಟ್ ಹಾಕಿದೀನಿ. ನಿಮ್ಮ ಗಾಡಿಗೆ ಏನು ಹಾಕ್ತಿದೀರಿ, ಇವತ್ತೇ ಒಂದ್ಸಲ ನೋಡಿ.