ಮಗಳು ಸಂಬಳವಿಲ್ಲದ ಆಳಲ್ಲ

'ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು' ಎಂಬ ಗಾದೆ ಕಟ್ಟಿದವರು ಯಾರೋ ಗಂಡಸೇ ಇರಬೇಕು. ಹೆಂಗಸಾಗಿದ್ದರೆ ಮಗಳನ್ನು ಮರೆಯುತ್ತಿರಲಿಲ್ಲ. ಮನೆಯಲ್ಲಿ ಮಗಳು ಮಾಡಿದ್ದು ಉತ್ತಮವೂ ಅಲ್ಲ, ಮಧ್ಯಮವೂ ಅಲ್ಲ. ಅದು ಲೆಕ್ಕಕ್ಕೇ ಇಲ್ಲ!

ನಮ್ಮ ಕಟ್ಟೆಮಳಲವಾಡಿ ಹುಣಸೂರು ತಾಲ್ಲೂಕಿನ ಹೊಗೆಸೊಪ್ಪಿನ ಸೀಮೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇಲ್ಲಿದೆ. ಹರಾಜು ಶುರುವಾಯಿತೆಂದರೆ ಟೀ, ತಿಂಡಿ ಮಾರುವ ಹೆಂಗಸರಿಗೆ ಉಸಿರಾಡಲೂ ಬಿಡುವಿಲ್ಲ. ಇನ್ನು ಕೆಲವರು ಬಟ್ಟೆ ಹೊಲಿಯುತ್ತಾರೆ, ಹಪ್ಪಳ ಒತ್ತುತ್ತಾರೆ, ಸಾರಿನ ಪುಡಿ ಮಾಡಿ ಮಾರುತ್ತಾರೆ. ಇವರಲ್ಲಿ ಯಾರ ವ್ಯಾಪಾರ ಕುದುರಿದೆ ಎಂಬುದು ನನಗೆ ತಿಳಿಯುವುದು ಹಾಜರಿ ಪುಸ್ತಕದಿಂದ. ಮಗಳ ಹೆಸರಿನ ಮುಂದೆ ಗೈರುಹಾಜರಿ ಸಾಲುಗಟ್ಟುತ್ತದೆ. ವಿಚಾರಿಸಿದರೆ, "ಆಳ್ಗೆ ಕೊಡಕ್ಕೆ ಎಲ್ಲೈತೆ ಮೇಡಂ, ಮನೇಲಿ ಮಗಳವ್ಳಲ್ಲ!" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮೊದಲ ಆಳನ್ನು ಯಾವಾಗ ಇಟ್ಟುಕೊಳ್ಳಬೇಕೆಂದು ಕೇಳಿದರೆ, ಬುದ್ಧಿವಂತರು 'ಲಾಭ ಬಂದ ಮೇಲೆ' ಎನ್ನುತ್ತಾರೆ. ಯಾವ ಲಾಭ? ತಿಂಗಳಿಗೆ ಸಾಮಾನಿನ ಖರ್ಚು ಕಳೆದು 12,000 ರೂಪಾಯಿ ಉಳಿಯಿತು ಅನ್ನಿ. ಅದರಲ್ಲಿ ನಿಮ್ಮ ಕೂಲಿ ತೆಗೆಯಿರಿ, ಮಗಳ ಕೂಲಿ ತೆಗೆಯಿರಿ, ರಾತ್ರಿ ಹಿಟ್ಟು ರುಬ್ಬುವ ಅತ್ತೆಯವರ ಕೂಲಿಯನ್ನೂ ತೆಗೆಯಿರಿ. ಆಮೇಲೆ ಏನಾದರೂ ಉಳಿದರೆ ಅದಕ್ಕೆ ಲಾಭವೆನ್ನಿ. ಅಲ್ಲಿಯವರೆಗೆ ನೀವು ಎಣಿಸುತ್ತಿರುವುದು ಮಗಳಿಗೆ ಕೊಡದೆ ಉಳಿಸಿಕೊಂಡ ಕೂಲಿಯನ್ನು.

ಮನೆಯಲ್ಲಿ ಮಾಡುವ ಕೆಲಸಕ್ಕೆ ಕೂಲಿ ಕಟ್ಟುವುದೇ ಎಂದು ಮೂಗು ಮುರಿಯಬೇಡಿ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ಹಪ್ಪಳ ಒತ್ತಿದರು. ಅದೇ ಇಂದಿನ ಲಿಜ್ಜತ್. ಅಲ್ಲಿ ಸದಸ್ಯೆಯರು ಹಪ್ಪಳ ಒತ್ತುವುದು ತಮ್ಮ ತಮ್ಮ ಮನೆಯಲ್ಲೇ. ಆದರೆ ಒತ್ತಿದ್ದಕ್ಕೆಲ್ಲ ಕೂಲಿಯುಂಟು. ನಮ್ಮಲ್ಲಿ ಮಾತ್ರ ಹೆಣ್ಣಿನ ಹೊತ್ತಿಗೆ ಬೆಲೆಯಿಲ್ಲ. ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ದುಡಿಯುತ್ತಾರೆಂದು ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಹೇಳಿದೆ. ಇಷ್ಟರ ಮೇಲೆ ವ್ಯಾಪಾರ! ಅದು ಒಬ್ಬಳ ಕೈಮೀರಿದಾಗ ಮನೆಯ ಗಂಡಸಿನ ನೆನಪು ಯಾರಿಗೂ ಬರುವುದಿಲ್ಲ. ಶಾಲೆಗೆ ಹೊರಟ ಹುಡುಗಿಯ ಚೀಲವೇ ಕೆಳಗಿಳಿಯುತ್ತದೆ.

ಹದಿನಾಲ್ಕರೊಳಗಿನ ಮಗು ಮನೆಯವರ ಕಸುಬಿಗೆ ನೆರವಾಗುವುದಾದರೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ ಎಂದು 2016ರ ಕಾನೂನು ತಿದ್ದುಪಡಿ ಹೇಳುತ್ತದೆ. ಕಾನೂನು ಬೇಡ, ನಾನೇ ಹೇಳುತ್ತೇನೆ: ವ್ಯಾಪಾರಕ್ಕಾಗಿ ಮಗಳು ಮೊದಲ ಸಲ ಶಾಲೆ ತಪ್ಪಿಸಿದ ದಿನವೇ ಅದು ಇಬ್ಬರ ಕೆಲಸವಾಯಿತು. ಆಳಿನ ಮಾತು ಅಂದೇ ಎತ್ತಬೇಕು.

ಹಾಗೆಂದು ಸಾಲ ಮಾಡಿ ಆಳಿಡಿ ಎನ್ನುತ್ತಿಲ್ಲ. ಹರಾಜಿನ ಕಾಲದ ನೂಕುನುಗ್ಗಲಿಗೆ ದಿನಗೂಲಿಯವರು ಸಾಕು. ಹರಾಜು ಮುಗಿದ ಮೇಲೂ ತಿಂಗಳು ತಿಂಗಳೂ ಗಿರಾಕಿ ವಾಪಸು ಹೋಗುತ್ತಿದ್ದರೆ, ಮೂರು ತಿಂಗಳ ಸಂಬಳ ಪ್ರತ್ಯೇಕವಾಗಿ ಕೂಡಿಟ್ಟು ಕಾಯಂ ಆಳು ನೋಡಿ. ಮೊದಲಿಗೆ ಅರ್ಧ ದಿನದ ಕೆಲಸವಾದರೂ ಸರಿ. ಆದರೆ ಕೂಲಿಯಲ್ಲಿ ಚೌಕಾಸಿ ಬೇಡ. ಕನಿಷ್ಠ ವೇತನದ ಕಾನೂನು ಈ ದೇಶಕ್ಕೆ ಬಂದದ್ದು 1948ರಲ್ಲಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವಳಿಗೂ ಒಬ್ಬ ಮಗಳಿರುತ್ತಾಳೆ. ಅವಳ ಕೂಲಿ ಕಡಿದರೆ ಆ ಮಗುವಿನ ಚೀಲ ಕೆಳಗಿಳಿಯುತ್ತದೆ, ಅಷ್ಟೆ.

ಆಳಿಗೆ ಕೊಡುವ ಶಕ್ತಿ ಇನ್ನೂ ಬಂದಿಲ್ಲವೇ? ಬೆಲೆ ಒಂದೆರಡು ರೂಪಾಯಿ ಏರಿಸಿ. ಅದೂ ಆಗದಿದ್ದರೆ ಎರಡು ಆರ್ಡರು ಬಿಟ್ಟುಬಿಡಿ. ಆರ್ಡರು ಬರುವ ವರ್ಷವೂ ಬಂದೀತು. ಮಗಳ ಏಳನೆಯ ತರಗತಿ ಮತ್ತೆ ಬರುವುದಿಲ್ಲ.