ಆಡಿದ ಮಕ್ಕಳ ಹೆಸರು ಬರೆದಿಡಿ

ಮಂಡಲ ಮಟ್ಟದ ಶಾಲಾ ಕ್ರೀಡಾಕೂಟ ಮುಗಿದ ಮರುದಿನ ಪತ್ರಿಕೆಗೆ ಬರುವ ವರದಿ ಹೇಗಿರುತ್ತದೆ ಎಂಬುದು ಓದುಗರಿಗೆ ಗೊತ್ತೇ ಇದೆ. ಜ್ಯೋತಿ ಬೆಳಗಿದವರು ಯಾರು, ಅಧ್ಯಕ್ಷತೆ ವಹಿಸಿದವರು ಯಾರು, ವೇದಿಕೆ ಮೇಲೆ ಕುಂತವರು ಯಾರು, ಶಾಲು ಹೊದಿಸಿದ್ದು ಯಾರಿಗೆ, ಇಷ್ಟೂ ಹೆಸರು ತಪ್ಪದೆ ಇರುತ್ತವೆ. ಕೊನೆಯ ಎರಡು ಸಾಲಿನಲ್ಲಿ 'ಬಾಲಕರ ಕಬಡ್ಡಿಯಲ್ಲಿ ಇಂಥ ಶಾಲೆ ಪ್ರಥಮ, ಇಂಥ ಶಾಲೆ ದ್ವಿತೀಯ' ಎಂದು ಸುದ್ದಿ ಮುಗಿಯುತ್ತದೆ. ಬಿಸಿಲಿನಲ್ಲಿ ಮೊಣಕಾಲು ಕೆತ್ತಿಸಿಕೊಂಡು ಆಡಿದ ಹುಡುಗನ ಹೆಸರು ಮಾತ್ರ ಎಲ್ಲೂ ಇಲ್ಲ. ಅವನ ತಾಯಿ ಪತ್ರಿಕೆ ತಿರುವಿ ಹಾಕಿ, ಮಡಚಿ ಇಡುತ್ತಾಳೆ.

ಇದು ಸಣ್ಣ ಮಾತಲ್ಲ. ನಾರ್ವ, ಮಕ್ತಲ್, ಮಾಗನೂರು, ಕೃಷ್ಣಾ ಮಂಡಲಗಳಲ್ಲಿ, ಹೊಳೆಯಾಚೆಯ ಗದ್ವಾಲ್ ಸೀಮೆಯಲ್ಲಿ ಹೈಸ್ಕೂಲು ಓದುವ ಕನ್ನಡ ಮನೆಯ ಮಕ್ಕಳಿಗೆ ಆಟದಿಂದ ಏನಾದರೂ ದಕ್ಕಬೇಕಾದರೆ ಅದಕ್ಕೆ ಮೊದಲ ಆಧಾರ ಬರೆದಿಟ್ಟ ಲೆಕ್ಕ. ಯಾರು ಯಾವ ಶಾಲೆ, ಯಾವ ದಿನ, ಯಾರ ಎದುರು, ಎಷ್ಟು ಅಂಕ? ಇದು ಕಾಗದದ ಮೇಲೆ ಇಲ್ಲದಿದ್ದರೆ ಎಂಥ ಆಟಗಾರನೂ ಹತ್ತನೇ ಇಯತ್ತೆ ಮುಗಿದ ಕೂಡಲೆ ಊರಿನ ಕಟ್ಟೆಯ ಮೇಲಿನ ಕತೆಯಾಗಿ ಉಳಿಯುತ್ತಾನೆ. 'ನಮ್ಮ ಹುಡುಗ ಚಲೋ ಆಡ್ತಿದ್ದ' ಎಂಬ ಮಾತಿಗೆ ಯಾವ ಕಚೇರಿಯೂ ಮುದ್ರೆ ಒತ್ತುವುದಿಲ್ಲ.

ಶಾಲಾ ಆಟಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಮಂಡಲ, ಜಿಲ್ಲೆ, ರಾಜ್ಯ, ಕೊನೆಗೆ ರಾಷ್ಟ್ರ. ದೇಶಮಟ್ಟದಲ್ಲಿ ಇದನ್ನು ನೋಡಿಕೊಳ್ಳುವ ಸ್ಕೂಲ್ ಗೇಮ್ಸ್ ಫೆಡರೇಷನ್ ಹುಟ್ಟಿದ್ದು 1954ರಲ್ಲಿ. 14, 17, 19 ವರ್ಷದೊಳಗಿನವರು ಎಂದು ವಿಭಾಗ ಮಾಡಿರುತ್ತಾರೆ. ಹೈಸ್ಕೂಲಿನ ಮಕ್ಕಳು ಹೆಚ್ಚಾಗಿ ಮೊದಲೆರಡರಲ್ಲಿ ಬರುತ್ತಾರೆ. ಮೆಟ್ಟಿಲು ಹತ್ತುವಾಗ ಆಯ್ಕೆ ಮಾಡುವವರು ಒಂದು ಮಗುವನ್ನು ನೋಡುವುದು ಒಂದೆರಡು ಪಂದ್ಯದಲ್ಲಿ, ಕೆಲವೊಮ್ಮೆ ಹತ್ತೇ ನಿಮಿಷ. ಆ ದಿನ ಜ್ವರ ಬಂದಿದ್ದರೆ, ಬಸ್ಸು ತಪ್ಪಿದ್ದರೆ, ಮೊದಲ ರೈಡಿನಲ್ಲೇ ಕಾಲು ಉಳುಕಿದ್ದರೆ ಆ ವರ್ಷ ಮುಗಿದ ಹಾಗೆ. ಇಂಥಲ್ಲಿ ಪಿಇಟಿ ಮಾಸ್ತರರ ಕೈಯಲ್ಲಿ ವಾರವಾರದ ಪಟ್ಟಿ ಇದ್ದರೆ 'ಈ ಹುಡುಗಿ ಇಂದು ಆಡಲಿಲ್ಲ ಖರೆ, ಆದರೆ ಕಳೆದ ಎಂಟು ವಾರ ನೋಡ್ರಿ' ಎಂದು ಎದುರಿಗೆ ಇಡಬಹುದು.

ಹಕೀಂಪೇಟೆಯ ರಾಜ್ಯ ಕ್ರೀಡಾ ಶಾಲೆಯ ಮಾತು ಹಲವರು ಕೇಳಿರುತ್ತಾರೆ. ಅಲ್ಲಿ ಮಕ್ಕಳನ್ನು ಆರಿಸುವುದು ನಾಲ್ಕನೇ ತರಗತಿಗೆ. ಓಟ, ನಿಂತಲ್ಲಿಂದ ಜಿಗಿತ, ಮೆಡಿಸಿನ್ ಬಾಲ್ ಎಸೆತ, 800 ಮೀಟರ್ ಓಟ ಎಂದೆಲ್ಲ ಪರೀಕ್ಷೆ ಇಟ್ಟು ತೆಗೆದುಕೊಳ್ಳುತ್ತಾರೆ. ಎಂಟು ಒಂಬತ್ತನೇ ತರಗತಿಗೆ ಬಂದ ಮೇಲೆ ಆಟದ ರುಚಿ ಹತ್ತಿದ ಹಳ್ಳಿಯ ಮಗುವಿಗೆ ಆ ಬಾಗಿಲು ಆಗಲೇ ಹಾಕಿರುತ್ತದೆ. ಅಂಥವರಿಗೆ ಉಳಿಯುವ ದಾರಿ ತಮ್ಮ ಶಾಲೆಯ ಮೈದಾನ, ತಮ್ಮ ಮಾಸ್ತರು, ಮತ್ತು ಈ ನಾಲ್ಕು ಮೆಟ್ಟಿಲು.

ಲೆಕ್ಕ ಎಂದರೆ ಬರೀ ಗೆದ್ದವರ ಲೆಕ್ಕವಲ್ಲ

ಈ ಭಾಗದ ಶಾಲೆಗಳಲ್ಲಿ ಖರ್ಚಿಲ್ಲದೆ ಆಡಬಹುದಾದ ಆಟ ಕಬಡ್ಡಿ ಮತ್ತು ಖೋ ಖೋ. ಬಲೆಯೊಂದು ಸಿಕ್ಕರೆ ವಾಲಿಬಾಲ್. ತೆಲುಗಿನ ಚೆಡುಗುಡು, ಕನ್ನಡದ ಕಬಡ್ಡಿ, ಹೆಸರು ಯಾವುದಾದರೂ ಅಂಕಣ ಒಂದೇ. ಒಂದು ಕಡೆ ಏಳು ಜನ, ಒಂದು ರೈಡಿಗೆ 30 ಸೆಕೆಂಡು. ನೋಡುವವರ ಕಣ್ಣು ಯಾವಾಗಲೂ ರೈಡರ್ ಮೇಲೆ ಇರುತ್ತದೆ. ಮುಟ್ಟಿ ಬಂದವನಿಗೆ ಸಿಳ್ಳೆ, ಚಪ್ಪಾಳೆ. ಎಡ ಮೂಲೆಯಲ್ಲಿ ನಿಂತು, ಸರಿಯಾದ ಗಳಿಗೆ ನೋಡಿ ಹಿಮ್ಮಡಿ ಹಿಡಿದವನ ಹೆಸರು ಯಾರೂ ಕೇಳುವುದಿಲ್ಲ. ಅವನ ಕೈ ಜಾರದಂತೆ ಪಕ್ಕದಿಂದ ಬಂದು ಸರಪಳಿ ಹಾಕಿದವನಂತೂ ಲೆಕ್ಕಕ್ಕೇ ಇಲ್ಲ. ಆದರೆ ತಂಡ ಆಲೌಟ್ ಆಗದೆ ಉಳಿಯುವುದು ಇವರಿಂದಲೇ. ಎದುರಾಳಿ ಲೋನಾದ ಎರಡು ಅಂಕ ಬಾಚಿಕೊಳ್ಳದಂತೆ ತಡೆಯುವುದು ಇವರೇ.

ಆದ್ದರಿಂದ ವಾರದ ಆಟಗಾರ ಯಾರು ಎಂದು ಹೇಳುವ ಮೊದಲು ಎರಡು ಪಟ್ಟಿ ಬೇಕು. ರೈಡಿನಲ್ಲಿ ತಂದ ಅಂಕ ಒಂದು, ಹಿಡಿತದಿಂದ ಬಂದ ಅಂಕ ಇನ್ನೊಂದು. ಅದರ ಪಕ್ಕದಲ್ಲಿ ಎಷ್ಟು ಸಲ ರೈಡಿಗೆ ಹೋದ, ಎಷ್ಟು ಸಲ ಸಿಕ್ಕಿಬಿದ್ದ ಎಂಬುದೂ ಇರಲಿ. ಇಪ್ಪತ್ತು ಸಲ ಹೋಗಿ ಎಂಟು ಅಂಕ ತಂದವನಿಗಿಂತ ಹತ್ತು ಸಲ ಹೋಗಿ ಏಳು ತಂದವನು ಹೆಚ್ಚು. ಒಂದು ವಾರ ಹದಿನೈದು ಅಂಕ ತಂದು ಮುಂದಿನ ಎರಡು ವಾರ ಕೈ ಖಾಲಿ ಬಂದವನು ಒಬ್ಬ, ವಾರಕ್ಕೆ ಐದೇ ಅಂಕವಾದರೂ ಎಂಟು ವಾರ ತಪ್ಪದೆ ತಂದವನು ಇನ್ನೊಬ್ಬ. ಊರು ಮೊದಲನೆಯವನನ್ನು ಹೊತ್ತು ಕುಣಿಯುತ್ತದೆ. ತಂಡ ಕಟ್ಟುವವರು ಹುಡುಕುವುದು ಎರಡನೆಯವನನ್ನು. ಒಂದು ನೋಟ್‌ಬುಕ್ಕು, ಒಂದು ಪೆನ್ನು ಇದ್ದರೆ ಈ ವ್ಯತ್ಯಾಸ ಕಾಣುತ್ತದೆ. ಇದಕ್ಕೆ ಸರ್ಕಾರದ ಅನುದಾನವೇನೂ ಬೇಕಿಲ್ಲ.

ಗಡಿಯ ಮಗುವಿಗೆ ಎರಡು ಪಟ್ಟು ಕಷ್ಟ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು, ಗುಲ್ಬರ್ಗ ಜಿಲ್ಲೆಯಲ್ಲಿದ್ದ ಕೊಡಂಗಲ್ ತಾಲ್ಲೂಕು ಆಂಧ್ರಪ್ರದೇಶದ ಮೆಹಬೂಬನಗರ ಜಿಲ್ಲೆಗೆ ಸೇರಿದವು. 2014ರಲ್ಲಿ ತೆಲಂಗಾಣ ಬಂತು. 2016ರಲ್ಲಿ ಜೋಗುಳಾಂಬ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಜಿಲ್ಲೆಗಳಾದವು. ವಿಳಾಸ ಬದಲಾಗುತ್ತಾ ಹೋಯಿತು, ಮನೆಯೊಳಗಿನ ಮಾತು ಬದಲಾಗಲಿಲ್ಲ. ಕೃಷ್ಣಾ ಮಂಡಲದ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇಂದಿಗೂ ಇವೆ. ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ರಾಯಚೂರಿಗೆ ಹೋಗಿಬರುವುದು ನಿಂತಿಲ್ಲ.

ಆದರೆ ಆಟದ ಲೆಕ್ಕದಲ್ಲಿ ಈ ಮಕ್ಕಳು ಎರಡೂ ಕಡೆ ಜಾರಿ ಬೀಳುತ್ತಾರೆ. ರಾಯಚೂರಿನ ಶಾಲಾ ಆಟದ ಸುದ್ದಿಯಲ್ಲಿ ಇವರಿಲ್ಲ, ಏಕೆಂದರೆ ಇವರು ಆ ರಾಜ್ಯದವರಲ್ಲ. ಈ ಕಡೆಯ ಸುದ್ದಿ ತೆಲುಗಿನಲ್ಲಿ ಬಂದರೆ ಮನೆಯ ಅಜ್ಜ ಅಜ್ಜಿಗೆ ಓದಲು ಬರುವುದಿಲ್ಲ. ಇನ್ನು ಹೆಸರಿನ ಪಾಡು ಬೇರೆ. ಮನೆಯಲ್ಲಿ ಬಸವರಾಜ, ಹಾಜರಿ ಪುಸ್ತಕದಲ್ಲಿ ಬಸ್ವರಾಜ್, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಸ್ಪೆಲ್ಲಿಂಗು, ಪಂದ್ಯದ ಸ್ಕೋರ್ ಶೀಟಿನಲ್ಲಿ ಬರೀ 'ರಾಜು'. ನಾಲ್ಕು ಕಾಗದದಲ್ಲಿ ನಾಲ್ಕು ಹುಡುಗರು! ಮುಂದೆ ಕ್ರೀಡಾ ಪ್ರಮಾಣಪತ್ರ ಪರಿಶೀಲನೆಗೆ ಕೂತಾಗ 'ಇವ ನೀನೇ ಅಂತ ಏನು ಗ್ಯಾರಂಟಿ?' ಎಂದು ಕೇಳಿದರೆ ಉತ್ತರ ಇರುವುದಿಲ್ಲ. ತೆಲಂಗಾಣದ ಸರ್ಕಾರಿ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಶೇ. 2ರಷ್ಟು ಮೀಸಲಾತಿ ಇದೆ. ಅದು ಮೈದಾನದಲ್ಲಿ ಆಡಿದವರಿಗೆಲ್ಲ ಸಿಗುವುದಿಲ್ಲ, ಆಡಿದ್ದನ್ನು ಕಾಗದದಲ್ಲಿ ತೋರಿಸಿದವರಿಗೆ ಸಿಗುತ್ತದೆ.

ಗಡಿ ದಾಟಿದವರು

ಆಟಕ್ಕೆ ಗಡಿ ಅಡ್ಡ ಬಂದಿಲ್ಲ ಎಂಬುದಕ್ಕೆ ಉದಾಹರಣೆಗಳಿವೆ. ಕಾರ್ಕಳ ತಾಲ್ಲೂಕಿನ ಹಳ್ಳಿಯಿಂದ ಬಂದ ಮಮತಾ ಪೂಜಾರಿ ಓದುವ ದಿನಗಳಲ್ಲಿ ಬೇರೆ ಆಟಗಳನ್ನೂ ಆಡಿ ಕಬಡ್ಡಿಗೆ ಬಂದವರು. ನೌಕರಿ ಸಿಕ್ಕಿದ್ದು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯಲ್ಲಿ. 2010ರ ಗುವಾಂಗ್‌ಝೌ, 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಕನ್ನಡದ ಹೆಣ್ಣುಮಗಳು ತೆಲುಗು ನಾಡಿನ ರೈಲ್ವೆಯಲ್ಲಿದ್ದು ದೇಶಕ್ಕೆ ಆಡಿದರು. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಕುರುಬೂರು ಪಟ್ಟಣವಲ್ಲ, ನಾರ್ವದ ಸುತ್ತಲಿನ ಊರುಗಳಂತೆ ಒಂದು ಹಳ್ಳಿ.

ಶಾಲೆಯ ಮಾಸ್ತರಿಂದ ಏನಾಗುತ್ತದೆ ಎಂದು ಕೇಳುವವರು ಸೈಯದ್ ಅಬ್ದುಲ್ ರಹೀಂ ಅವರನ್ನು ನೆನೆಯಬೇಕು. ಹೈದರಾಬಾದಿನಲ್ಲಿ ಶಾಲಾ ಶಿಕ್ಷಕರಾಗಿದ್ದ ರಹೀಂ ಸಾಹೇಬರು ಹೈದರಾಬಾದ್ ಸಿಟಿ ಪೊಲೀಸ್ ಫುಟ್‌ಬಾಲ್ ತಂಡವನ್ನು ತಿದ್ದಿದರು, ಆಮೇಲೆ ದೇಶದ ತಂಡವನ್ನು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. 1962ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಚಿನ್ನ ತಂದಿತು. ಮರುವರ್ಷ ರಹೀಂ ತೀರಿಕೊಂಡರು. ಯಾರಲ್ಲಿ ಏನಿದೆ ಎಂದು ಗುರುತಿಸುವ ಶಿಕ್ಷಕನ ಕಣ್ಣು ಅವರಿಗಿತ್ತು. ಅಂಥ ಕಣ್ಣಿನ ಪಿಇಟಿಗಳು ಈ ಮಂಡಲಗಳಲ್ಲೂ ಇದ್ದಾರೆ. ಅವರ ಹೆಸರೂ ವರದಿಯಲ್ಲಿ ಬರುವುದಿಲ್ಲ ಎಂಬುದು ಬೇರೆ ಮಾತು.

ತಂದೆತಾಯಿಯ ಭಯ ಸುಳ್ಳಲ್ಲ

'ಆಟ ಆಡಿ ಹೊಟ್ಟಿ ತುಂಬ್ತದೇನು?' ಎಂದು ಕೇಳುವ ತಂದೆಯನ್ನು ಬೈಯುವುದು ಸುಲಭ. ಪಾಲಮೂರು ಕೂಲಿ ಎಂದರೆ ದೇಶಕ್ಕೇ ಗೊತ್ತು. ಇಲ್ಲಿಂದ ದುಡಿಯಲು ಮುಂಬಯಿ, ಪುಣೆ, ಬೆಂಗಳೂರಿಗೆ ಹೋದ ಕುಟುಂಬಗಳು ಎಷ್ಟೋ. ಹತ್ತಿ ಬಿಡಿಸುವ ಕಾಲಕ್ಕೆ ಕೈಗಳು ಬೇಕು. ಶನಿವಾರ ಮೈದಾನದಲ್ಲಿ ಆರು ಜನರನ್ನು ಹಿಡಿದ ಹುಡುಗಿ ಸೋಮವಾರ ಹೊಲದಲ್ಲಿ ಹತ್ತಿ ಬಿಡಿಸುತ್ತಿರುತ್ತಾಳೆ. ಆಟದ ಸೀಜನ್ನೂ ಹತ್ತಿಯ ಸೀಜನ್ನೂ ಒಂದರ ಮೇಲೊಂದು ಬರುತ್ತವೆ. ಹೆಣ್ಣುಮಕ್ಕಳಿಗೆ ಜಿಲ್ಲೆಯ ಪಂದ್ಯಕ್ಕೆ ರಾತ್ರಿ ಉಳಿಯಬೇಕಾದರೆ ಯಾರ ಜೊತೆ, ಎಲ್ಲಿ ಎಂಬ ಪ್ರಶ್ನೆ ಬೇರೆ. ಇದಕ್ಕೆ ಬೈಗುಳ ಉತ್ತರವಲ್ಲ. ಮನೆಗೆ ಹೋಗಿ, 'ಅವ್ವಾ, ನಿಮ್ಮ ಮಗಳು ಈ ವರ್ಷ ಇಷ್ಟು ಪಂದ್ಯ ಆಡ್ಯಾಳ, ಇಷ್ಟು ಅಂಕ ತಂದಾಳ, ಕೂಡ ಹೆಣ್ಣು ಟೀಚರ್ ಬರ್ತಾರ, ಇಂಥ ದಿನ ಮನೆಗೆ ಮುಟ್ಟಿಸ್ತೀವಿ' ಎಂದು ಪಟ್ಟಿ ತೋರಿಸಿ ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಹಾಗೆಂದು ಹದಿನಾಲ್ಕು ವರ್ಷದ ಮಕ್ಕಳನ್ನು ಹೀರೋ ಮಾಡಿ ಕೂಡಿಸುವುದೂ ಬೇಡ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಟೀವಿಯ ಬೆಳಕು ಹಳ್ಳಿಯ ಅಂಗಳಕ್ಕೂ ಬಿದ್ದಿದೆ. ಬೆಂಗಳೂರು ಬುಲ್ಸ್‌ಗೆ ಆಡಿ ಹೆಸರು ಮಾಡಿದ ಪವನ್ ಸೆಹ್ರಾವತ್ 2023ರ ಹರಾಜಿನಲ್ಲಿ 2 ಕೋಟಿ 60 ಲಕ್ಷ ರೂಪಾಯಿಗೂ ಮಿಕ್ಕಿ ಬೆಲೆಗೆ ತೆಲುಗು ಟೈಟನ್ಸ್ ಸೇರಿದ್ದು ಗಡಿಯ ಎರಡೂ ಕಡೆಯ ಹುಡುಗರ ಬಾಯಲ್ಲಿದೆ. ಆ ಕೋಟಿ ಕಾಣುವವರು ಬೆರಳೆಣಿಕೆಯಷ್ಟು. ಕಬಡ್ಡಿಯಲ್ಲಿ ವಯಸ್ಸಿನ ಜೊತೆ ತೂಕದ ಮಿತಿಯೂ ಇದೆ. ತೂಕ ಇಳಿಸಲು ಊಟ ಬಿಡುವುದು, ವಯಸ್ಸು ಕಡಿಮೆ ತೋರಿಸಲು ಹುಟ್ಟಿದ ದಿನ ತಿದ್ದಿಸುವುದು, ಇವೆರಡೂ ಮಗುವಿಗೆ ಮಾಡುವ ಅನ್ಯಾಯ. ಒಂದು ಸುಳ್ಳು ತಾರೀಖು ಮುಂದಿನ ಎಲ್ಲ ಪ್ರಮಾಣಪತ್ರಗಳನ್ನೂ ಕೆಡಿಸುತ್ತದೆ. ಹತ್ತನೇ ತರಗತಿಯ ಪರೀಕ್ಷೆ ಆಟಕ್ಕಿಂತ ಮುಖ್ಯವೇ ಎಂದು ಕೇಳಿದರೆ, ಎರಡೂ ಒಂದೇ ಮಗುವಿನದು ಎಂಬುದೇ ಉತ್ತರ.

ಆಗಬೇಕಾದ್ದು ಇಷ್ಟು

ಪ್ರತಿ ಹೈಸ್ಕೂಲಿನಲ್ಲಿ ಆಟಕ್ಕೆಂದೇ ಒಂದು ರಿಜಿಸ್ಟರ್ ಇರಲಿ. ಮಗುವಿನ ಹೆಸರು ಪ್ರವೇಶ ಪುಸ್ತಕದಲ್ಲಿ ಇರುವಂತೆಯೇ, ತಂದೆಯ ಹೆಸರು, ಹುಟ್ಟಿದ ದಿನ ಸಮೇತ ಒಂದೇ ರೀತಿ ಬರೆಯಲಿ. ಪಂದ್ಯ ಮುಗಿದ ಸಂಜೆಯೇ ಅಂಕ ತುಂಬಿ ಮುಖ್ಯೋಪಾಧ್ಯಾಯರ ಸಹಿ ಆಗಲಿ. ಮಂಡಲ, ಜಿಲ್ಲೆ ಪಂದ್ಯದ ಸ್ಕೋರ್ ಶೀಟಿನ ಒಂದು ಪ್ರತಿ ಮಗುವಿನ ಮನೆಗೂ ಹೋಗಲಿ. ಪಿಇಟಿ ಇಲ್ಲದ ಶಾಲೆಯಲ್ಲಿ ಆಟದ ಮೇಲೆ ಪ್ರೀತಿ ಇರುವ ಯಾವ ಶಿಕ್ಷಕರಾದರೂ ಈ ಕೆಲಸ ಮಾಡಬಹುದು.

ನಾರ್ವ ಮಂಡಲ ಮಕ್ತಲ್ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಈ ಕ್ಷೇತ್ರದಿಂದ 2023ರಲ್ಲಿ ಗೆದ್ದ ವಾಕಿಟಿ ಶ್ರೀಹರಿ ಅವರು 2025ರ ಜೂನ್‌ನಲ್ಲಿ ಸಚಿವರಾದಾಗ ಕ್ರೀಡಾ ಖಾತೆಯೂ ಅವರ ಪಾಲಿಗೆ ಬಂತು. ರಾಜ್ಯದ ಕ್ರೀಡಾ ಖಾತೆ ತಮ್ಮ ಕ್ಷೇತ್ರಕ್ಕೇ ಬಂದಾಗ ಜನ ದೊಡ್ಡ ಕ್ರೀಡಾಂಗಣದ ಕನಸು ಕಾಣುವುದು ಸಹಜ. ಅದು ಆಗಲಿ. ಅದಕ್ಕಿಂತ ಮೊದಲು ಕಲ್ಲು ಆರಿಸಿದ ಒಂದು ಅಂಕಣ, ಒಂದು ಪ್ರಥಮ ಚಿಕಿತ್ಸೆಯ ಡಬ್ಬಿ, ಖಾಲಿ ಇರುವ ಕಡೆ ಒಬ್ಬ ಪಿಇಟಿ ಸಿಕ್ಕರೆ ಹಳ್ಳಿಯ ಶಾಲೆಗೆ ಅದೇ ದೊಡ್ಡದು.

ಪತ್ರಿಕೆಯ ಪುಟಕ್ಕೂ ಇದರಲ್ಲಿ ಪಾಲಿದೆ. ವೇದಿಕೆಯ ಮೇಲಿನ ಹತ್ತು ಹೆಸರಿಗೆ ಜಾಗ ಇರುವಲ್ಲಿ ಅಂಕಣದೊಳಗಿನ ಏಳು ಹೆಸರಿಗೆ ಜಾಗ ಇಲ್ಲ ಎನ್ನಲಾಗದು. ಗೆದ್ದವರ ಜೊತೆ ಸೋತ ತಂಡದಲ್ಲಿ ಚೆನ್ನಾಗಿ ಆಡಿದವರೂ ಬರಲಿ, ರೈಡರ್ ಜೊತೆ ಮೂಲೆಯವನೂ ಬರಲಿ. ಊರಿನ ಹೆಸರು, ಶಾಲೆಯ ಹೆಸರು ಸರಿಯಾಗಿ ಬರಲಿ. ಆ ಎರಡು ಸಾಲು ಕತ್ತರಿಸಿ ತಾಯಿ ಟ್ರಂಕಿನಲ್ಲಿ ಇಟ್ಟುಕೊಂಡರೆ, ಹತ್ತು ವರ್ಷದ ಮೇಲೆ ಅದನ್ನು ತೆಗೆದು ತೋರಿಸುವ ದಿನ ಬರಬಹುದು. ಬರದಿದ್ದರೂ ಪರವಾಗಿಲ್ಲ. ಆಡಿದ್ದು ಖರೆ ಎಂದು ಹೇಳಲು ಮಗುವಿನ ಕೈಯಲ್ಲಿ ಒಂದು ಕಾಗದ ಇರುತ್ತದೆ.